ಯುದ್ಧಸ್ಮಾರಕವೇ ಗಾನಮಂದಿರವಾದ ಬಗೆ

ಮಡಿದವರ ನೆನಪನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಮಾನವಕುಲದಷ್ಟೇ ಹಳೆಯದು. ನಮ್ಮ ನಾಡಿನ ಹಳ್ಳಿಗಳನ್ನು ಸುತ್ತಿದವರಿಗೆ ಊರ ಮುಂದೆ, ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳು ಅಪರಿಚಿತವಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಡುತ್ತಿರುವ ವೀರ. ನಡುವಣ ಪಟ್ಟಿಕೆಯಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ವೀರ. ಅಕ್ಷರ ಬಾರದವನಿಗೂ ಅರ್ಥವಾಗುವಂತಹ ಕಥನವಿದು. ಆದರೆ ವಾಚಕರೇ, ಆ ಕಲ್ಲಿನ ಮುಂದೆ ದಿನವೂ ಹಾದುಹೋಗುವವರಲ್ಲಿ ಎಷ್ಟು ಜನ ನಿಂತು ಆ ವೀರನು ಯಾರು, ಯಾವ ಊರನ್ನು ಕಾಯಲು ಮಡಿದನು ಎಂದು ಕೇಳುತ್ತಾರೆ? ಎಷ್ಟೋ ಕಡೆಗಳಲ್ಲಿ ಅದು ದನಗಳು ಮೈ ತಿಕ್ಕಿಕೊಳ್ಳುವ ಕಲ್ಲಾಗಿದೆ. ಇನ್ನೆಷ್ಟೋ ಕಡೆ ಬಟ್ಟೆ ಒಗೆಯುವ ಹಾಸುಗಲ್ಲಾಗಿದೆ. ಕಲ್ಲು ಉಳಿದಿದೆ, ನೆನಪು ಅಳಿದಿದೆ.

ಹಾಗಾದರೆ ಮಡಿದವರನ್ನು ನೆನೆಯಲು ಕಲ್ಲು ನೆಡುವುದೊಂದೇ ದಾರಿಯೇ? ಬದುಕಿರುವವರು ದಿನನಿತ್ಯ ಬಂದು ಕೂಡುವ, ಹಾಡುವ, ನಲಿಯುವ ಒಂದು ಮಂದಿರವನ್ನೇ ಅವರ ಹೆಸರಿನಲ್ಲಿ ಕಟ್ಟಬಾರದೇ? ಕಟ್ಟಿದರೆ, ಸತ್ತವರ ಮನೆಯಲ್ಲಿ ಗೆಜ್ಜೆಯ ದನಿ ಕೇಳಿಸುವುದು ಅನುಚಿತವಾದೀತೇ? ಈ ಪ್ರಶ್ನೆಗಳು ಕಳೆದ ಶತಮಾನದ ಎರಡು ಮಹಾಯುದ್ಧಗಳ ತರುವಾಯ ಪಾಶ್ಚಾತ್ಯ ದೇಶಗಳಲ್ಲಿ ಬಹುವಾಗಿ ಚರ್ಚಿತವಾದವು. ಆ ಚರ್ಚೆಗೆ ಕಟ್ಟಡದ ರೂಪದಲ್ಲಿಯೇ ಉತ್ತರ ಕೊಟ್ಟ ಒಂದು ನಗರವುಂಟು. ಅದು ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿನ ಯುದ್ಧಸ್ಮಾರಕ ಗಾನಮಂದಿರದ ಚರಿತ್ರೆಯನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ದೂರದ ದೇಶದ ಈ ಕಥೆಯಲ್ಲಿ ಮೈಸೂರು ಸಂಸ್ಥಾನದ ಒಬ್ಬ ದಿವಾನರ ಹೆಸರೂ ಸೇರಿಕೊಂಡಿದೆ. ಸ್ಮಾರಕಗಳನ್ನು ಕಟ್ಟುವ ನಮಗೆಲ್ಲ ಅದರಲ್ಲಿ ಒಂದು ಪಾಠವೂ ಅಡಗಿದೆ.

ಎರಡು ಹಂಬಲಗಳ ಸಂಗಮ

೧೯೦೬ನೆಯ ಇಸವಿ ಏಪ್ರಿಲ್ ೧೭ರ ರಾತ್ರಿ ಆ ನಗರದ ಹಳೆಯ ಗ್ರ್ಯಾಂಡ್ ಆಪೆರಾ ಹೌಸಿನಲ್ಲಿ ಜಗದ್ವಿಖ್ಯಾತ ಇಟಾಲಿಯನ್ ಗಾಯಕ ಎನ್ರಿಕೊ ಕರೂಸೊ 'ಕಾರ್ಮೆನ್' ಎಂಬ ಆಪೆರಾದಲ್ಲಿ ಹಾಡಿದನು. ಆಪೆರಾ ಎಂದರೆ ಒಂದು ಬಗೆಯ ಸಂಗೀತ ನಾಟಕ. ನಮ್ಮ ಕಂಪನಿ ನಾಟಕಗಳಲ್ಲಿ ಮಾತಿನ ನಡುನಡುವೆ ರಂಗಗೀತೆಗಳು ಬರುತ್ತಿದ್ದವು. ಆಪೆರಾದಲ್ಲಾದರೋ ಬಹುಮಟ್ಟಿಗೆ ಸಂಭಾಷಣೆಯೆಲ್ಲವೂ ಗಾನವೇ. ಆ ರಾತ್ರಿ ಹಾಡು ಮುಗಿದು ಜನ ಮನೆಗೆ ತೆರಳಿ ಮಲಗಿದರು. ಮರುದಿನ ಬೆಳಗಿನ ಜಾವ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಭೂಮಿ ನಡುಗಿತು. ಭೂಕಂಪದ ಹಿಂದೆಯೇ ಎದ್ದ ಬೆಂಕಿ ಮೂರು ದಿನ ಉರಿದು ನಗರದ ಬಹುಭಾಗವನ್ನು ಬೂದಿ ಮಾಡಿತು. ಸತ್ತವರ ಸಂಖ್ಯೆ ಸುಮಾರು ೩,೦೦೦ ಇದ್ದಿರಬೇಕೆಂದು ಇಂದಿನ ಅಂದಾಜು. ಆ ಗಾನಮಂದಿರವೂ ಅದೇ ಬೆಂಕಿಗೆ ಆಹುತಿಯಾಯಿತು.

ನಗರ ಮತ್ತೆ ಎದ್ದು ನಿಂತಿತು. ೧೯೧೧ರಲ್ಲಿ ವಾದ್ಯವೃಂದ ಸಂಸ್ಥೆ ಸ್ಥಾಪನೆಯಾಯಿತು. ೧೯೧೫ರಲ್ಲಿ ಪನಾಮಾ ಕಾಲುವೆಯ ನಿರ್ಮಾಣದ ನೆನಪಿಗೆ ಮಹಾ ವಸ್ತುಪ್ರದರ್ಶನ ನಡೆಯಿತು. ಅದೇ ವರ್ಷ ಹೊಸ ನಗರಸಭಾ ಸೌಧವೂ ಸಿದ್ಧವಾಯಿತು. ಆದರೆ ಗಾನಮಂದಿರ ಮಾತ್ರ ಇರಲಿಲ್ಲ. ೧೯೨೩ರಲ್ಲಿ ಗೇಟಾನೊ ಮೆರೊಲಾ ಎಂಬ ಇಟಾಲಿಯನ್ ಸಂಗೀತ ನಿರ್ದೇಶಕರು ಸ್ಯಾನ್ ಫ್ರಾನ್ಸಿಸ್ಕೊ ಆಪೆರಾ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಗೆ ಸ್ವಂತದ ಮನೆಯಿಲ್ಲದೆ ಸಾರ್ವಜನಿಕ ಸಭಾಂಗಣದಲ್ಲಿಯೇ ಹಾಡಬೇಕಾಯಿತು. ಇದು ಮೊದಲನೆಯ ಹಂಬಲ.

ಎರಡನೆಯದು ಸೈನಿಕರದು. ೧೯೧೪ರಲ್ಲಿ ಆರಂಭವಾದ ಮಹಾಯುದ್ಧಕ್ಕೆ ಅಮೆರಿಕವು ೧೯೧೭ರಲ್ಲಿ ಪ್ರವೇಶಿಸಿತು. ಒಂದೂವರೆ ವರ್ಷದ ಅಲ್ಪಾವಧಿಯಲ್ಲಿಯೇ ಆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಯೋಧರು ಗುಂಡಿಗೆ, ರೋಗಕ್ಕೆ ಬಲಿಯಾದರು. ೧೯೧೮ ನವೆಂಬರ್ ೧೧ರಂದು ಯುದ್ಧ ನಿಂತಿತು. ಹಿಂದಿರುಗಿದ ಯೋಧರು ಮಡಿದ ಜೊತೆಗಾರರಿಗೆ ಯೋಗ್ಯವಾದ ಸ್ಮಾರಕವನ್ನೂ ತಮ್ಮ ಸಂಘಟನೆಗೆ ಒಂದು ನೆಲೆಯನ್ನೂ ಬಯಸಿದರು.

ಕಲಾಭಿಮಾನಿಗಳ ಬಳಿ ಧನಿಕರ ಬೆಂಬಲವಿತ್ತು; ಜನಸಾಮಾನ್ಯರ ಒಲವು ಬೇಕಾಗಿತ್ತು. ಮಾಜಿ ಸೈನಿಕರ ಬಳಿ ಜನರ ಒಲವಿತ್ತು, ಹಣ ಬೇಕಾಗಿತ್ತು. ಇಬ್ಬರೂ ಕೂಡಿದರು. ಮಡಿದ ಯೋಧರ ಹೆಸರಿನಲ್ಲಿಯೇ ಗಾನಮಂದಿರ ಕಟ್ಟುವುದು, ಅದರ ಪಕ್ಕದಲ್ಲಿ ಮಾಜಿ ಸೈನಿಕರಿಗೆ ಭವನ ಕಟ್ಟುವುದು ಎಂಬ ಸಂಕಲ್ಪ ಮೂಡಿತು. ೧೯೨೦ರಿಂದ ಸಾರ್ವಜನಿಕ ವಂತಿಗೆ ಕೂಡಿಸುವ ಕೆಲಸ ಆರಂಭವಾಯಿತು.

ಕಲಹ ಮತ್ತು ಕಟ್ಟಡ

ಒಳ್ಳೆಯ ಕಾರ್ಯಕ್ಕೆ ನೂರು ವಿಘ್ನಗಳೆಂಬ ಮಾತು ಅಲ್ಲಿಯೂ ಸುಳ್ಳಾಗಲಿಲ್ಲ. ಯಾರಿಗೆಷ್ಟು ಜಾಗ, ಯಾರ ಭಾಗಕ್ಕೆ ಎಷ್ಟು ಹಣ ಎಂಬ ವಿಷಯದಲ್ಲಿ ಕಲಾಪಕ್ಷಕ್ಕೂ ಯೋಧರ ಪಕ್ಷಕ್ಕೂ ವರ್ಷಾನುಗಟ್ಟಲೆ ಜಗ್ಗಾಟ ನಡೆಯಿತು. ತಮ್ಮ ಸಂಗಾತಿಗಳ ರಕ್ತದ ಹೆಸರು ಹೇಳಿ ಉಳ್ಳವರು ತಮ್ಮ ವಿನೋದಕ್ಕೆ ಮನೆ ಕಟ್ಟಿಕೊಳ್ಳುತ್ತಿರುವರೇನೋ ಎಂಬ ಶಂಕೆ ಯೋಧರದು. ಈ ಶಂಕೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಸ್ಮಾರಕದ ಹೆಸರಿನಲ್ಲಿ ಯಾರು ಏನನ್ನೇ ಕಟ್ಟಲು ಹೊರಟರೂ ಕೇಳಬೇಕಾದ ಪ್ರಶ್ನೆ ಅದೇ: ಇದು ಮಡಿದವರಿಗಾಗಿಯೋ, ಉಳಿದವರ ಅನುಕೂಲಕ್ಕಾಗಿಯೋ?

ವಂತಿಗೆಯ ಹಣ ಸಾಲದಾದಾಗ ನಗರಸಭೆಯು ಸಾಲಪತ್ರಗಳ ಮೂಲಕ ಹಣವೆತ್ತುವ ಸೂಚನೆಯನ್ನು ಮತದಾರರ ಮುಂದಿಟ್ಟಿತು. ೧೯೨೭ರಲ್ಲಿ ೪೦ ಲಕ್ಷ ಡಾಲರುಗಳ ಸಾಲಕ್ಕೆ ನಾಗರಿಕರು ಒಪ್ಪಿಗೆಯಿತ್ತರು. ಹೀಗಾಗಿ ಆ ಮಂದಿರ ಕೆಲವೇ ಧನಿಕರ ಸ್ವತ್ತಾಗದೆ ಊರಿನವರೆಲ್ಲರ ಸ್ವತ್ತಾಯಿತು. ಇದು ಮರೆಯಬಾರದ ಅಂಶ. ಯುರೋಪಿನ ಗಾನಮಂದಿರಗಳನೇಕವು ಅರಸರ ಆಶ್ರಯದಲ್ಲಿ ಎದ್ದವು. ಇದನ್ನು ಕಟ್ಟಿದವರು ತೆರಿಗೆ ತೆರುವ ಜನ.

ನಗರಸಭಾ ಸೌಧವನ್ನು ರಚಿಸಿದ ಆರ್ಥರ್ ಬ್ರೌನ್ ಎಂಬ ವಾಸ್ತುಶಿಲ್ಪಿಗೇ ಈ ಕಾರ್ಯವೂ ಒಪ್ಪಿತವಾಯಿತು. ರಂಗಮಂದಿರಗಳ ರಚನೆಯಲ್ಲಿ ನುರಿತ ಆಲ್ಬರ್ಟ್ ಲ್ಯಾನ್ಸ್‌ಬರ್ಗ್ ಸಹಕರಿಸಿದರು. ಎರಡು ಪಕ್ಷಗಳ ಕಲಹಕ್ಕೆ ಕಲ್ಲಿನಲ್ಲಿಯೇ ಪರಿಹಾರ ದೊರೆಯಿತು. ನಗರಸಭಾ ಸೌಧದ ಎದುರಿಗೆ ಎರಡು ಕಟ್ಟಡಗಳು. ಒಂದು ಗಾನಮಂದಿರ, ಇನ್ನೊಂದು ಯೋಧರ ಭವನ. ಹೊರನೋಟಕ್ಕೆ ಎರಡೂ ಅವಳಿಜವಳಿ. ಒಂದು ಹೆಚ್ಚು, ಒಂದು ಕಡಿಮೆ ಎನ್ನಲಾಗದು. ಎರಡರ ನಡುವೆ ತೆರೆದ ಅಂಗಳ. ಅದಕ್ಕೆ ಸ್ಮಾರಕ ಪ್ರಾಂಗಣವೆಂದು ಹೆಸರು. ೧೯೩೧ರ ನವೆಂಬರ್ ೧೧ರಂದು, ಎಂದರೆ ಯುದ್ಧ ನಿಂತ ದಿನದ ವಾರ್ಷಿಕ ಸ್ಮರಣೆಯಂದೇ, ಶಿಲಾನ್ಯಾಸ ನೆರವೇರಿತು.

೧೯೩೨ರ ಅಕ್ಟೋಬರ್ ೧೫ರಂದು ಗಾನಮಂದಿರ ತೆರೆಯಿತು. ಅಂದು ಮೆರೊಲಾ ಅವರ ನಿರ್ದೇಶನದಲ್ಲಿ ಪುಚ್ಚೀನಿ ರಚಿಸಿದ 'ಟೋಸ್ಕಾ' ಪ್ರದರ್ಶಿತವಾಯಿತು. ಕ್ಲಾಡಿಯಾ ಮುಝಿಯೊ ನಾಯಕಿಯ ಪಾತ್ರದಲ್ಲಿ ಹಾಡಿದರು. ಅಮೆರಿಕವು ಭೀಕರ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲವದು. ಬ್ಯಾಂಕುಗಳು ಮುಚ್ಚಿಹೋಗುತ್ತಿದ್ದವು, ದುಡಿಮೆಯಿಲ್ಲದವರ ಸಾಲು ಬೆಳೆಯುತ್ತಿತ್ತು. ಅಂತಹ ದಿನಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಜನ ಕೂಡಬಹುದಾದ ಮಂದಿರವೊಂದು ಜನರ ಹಣದಿಂದ, ಜನರಿಗಾಗಿ ತೆರೆಯಿತು. ಆಸನದ ಬೆಲೆ ತೆರಲಾರದವರು ಕಡಿಮೆ ದರದ ಚೀಟಿ ಪಡೆದು ಹಿಂದೆ ನಿಂತು ಕೇಳುವ ಪದ್ಧತಿ ಅಲ್ಲಿ ಬಹುಕಾಲ ಜನಪ್ರಿಯವಾಗಿತ್ತು.

ಮಂದಿರದೊಳಗಿನ ಬದುಕು

ಆ ಅವಳಿ ಕಟ್ಟಡಗಳಲ್ಲಿ ಅಂದಿನಿಂದ ನಡೆದದ್ದೇನು? ಆಪೆರಾ ನಡೆಯಿತು. ೧೯೮೦ರಲ್ಲಿ ಸ್ವಂತ ಸಭಾಂಗಣ ಸಿದ್ಧವಾಗುವವರೆಗೆ ನಗರದ ವಾದ್ಯವೃಂದವೂ ಅಲ್ಲಿಯೇ ನುಡಿಸಿತು. ೧೯೩೩ರಲ್ಲಿ ಸ್ಥಾಪಿತವಾದ ನೃತ್ಯಸಂಸ್ಥೆ ಅಲ್ಲಿಯೇ ಬೆಳೆಯಿತು. ೧೯೪೪ರ ಡಿಸೆಂಬರ್ ೨೪ರಂದು ಚೈಕೋವ್‌ಸ್ಕಿಯ 'ನಟ್‌ಕ್ರ್ಯಾಕರ್' ನೃತ್ಯರೂಪಕ ಅಮೆರಿಕದಲ್ಲಿ ಮೊಟ್ಟಮೊದಲ ಬಾರಿಗೆ ಪೂರ್ಣರೂಪದಲ್ಲಿ ಪ್ರದರ್ಶಿತವಾದದ್ದು ಈ ರಂಗದ ಮೇಲೆಯೇ. ನಿರ್ದೇಶಿಸಿದವರು ವಿಲ್ಲಮ್ ಕ್ರಿಸ್ಟೆನ್ಸನ್. ಇಂದು ಆ ದೇಶದ ನೂರಾರು ಊರುಗಳಲ್ಲಿ ಕ್ರಿಸ್ಮಸ್ ಹಬ್ಬವೆಂದರೆ ಮಕ್ಕಳನ್ನು ಆ ನೃತ್ಯರೂಪಕಕ್ಕೆ ಕರೆದೊಯ್ಯುವುದೆಂಬ ರೂಢಿ ಬೆಳೆದಿದೆ. ದಿನಾಂಕವನ್ನು ಗಮನಿಸಿರಿ: ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಪೆಸಿಫಿಕ್ ಮಹಾಸಾಗರದ ರಣರಂಗಕ್ಕೆ ಯೋಧರು ಹಡಗು ಹತ್ತುತ್ತಿದ್ದದ್ದು ಅದೇ ನಗರದ ಬಂದರಿನಿಂದ. ಹೊರಗೆ ಯುದ್ಧ, ಒಳಗೆ ಹಿಂದಿನ ಯುದ್ಧದಲ್ಲಿ ಮಡಿದವರ ಹೆಸರಿನ ಮಂದಿರದಲ್ಲಿ ಮಕ್ಕಳ ಕನಸಿನ ಕಥೆ.

ಯೋಧರ ಭವನವೂ ಸುಮ್ಮನಿರಲಿಲ್ಲ. ಅಲ್ಲಿ ಮಾಜಿ ಸೈನಿಕರ ಸಂಘಗಳು ನೆಲೆಗೊಂಡವು, ಇಂದಿಗೂ ಇವೆ. ಅದೇ ಭವನದ ನಾಲ್ಕನೆಯ ಅಂತಸ್ತಿನಲ್ಲಿ ೧೯೩೫ರಲ್ಲಿ ನಗರದ ಚಿತ್ರಕಲಾ ಸಂಗ್ರಹಾಲಯ ತೆರೆಯಿತು. ೧೯೯೫ರಲ್ಲಿ ಬೇರೆಡೆಗೆ ಹೋಗುವವರೆಗೆ ಆರು ದಶಕ ಅಲ್ಲಿಯೇ ಇದ್ದಿತು. ನೆಲ ಅಂತಸ್ತಿನಲ್ಲಿರುವ ಸಭಾಂಗಣದ ಗೋಡೆಗಳ ಮೇಲೆ ಎಂಟು ಬೃಹತ್ ವರ್ಣಚಿತ್ರಗಳಿವೆ. ೧೯೧೫ರ ವಸ್ತುಪ್ರದರ್ಶನಕ್ಕಾಗಿ ಫ್ರ್ಯಾಂಕ್ ಬ್ರ್ಯಾಂಗ್ವಿನ್ ಎಂಬ ಕಲಾವಿದರು ಬರೆದವು ಅವು. ಅವುಗಳ ವಸ್ತುವಾದರೂ ಏನು? ಪೃಥ್ವಿ, ಜಲ, ಅಗ್ನಿ, ವಾಯು. ಒಂದೊಂದಕ್ಕೆ ಎರಡೆರಡು ಚಿತ್ರ. ಆಕಾಶವೊಂದನ್ನು ಬಿಟ್ಟರೆ ನಮ್ಮ ಪಂಚಭೂತಗಳೇ! ಈ ಚಿತ್ರಗಳ ಎದುರಿನಲ್ಲಿಯೇ ಜಗತ್ತಿನ ಇತಿಹಾಸದ ಒಂದು ಮಹತ್ತ್ವದ ಘಟನೆ ನಡೆಯಲಿತ್ತು.

ಸನ್ನದು ಮತ್ತು ನಮ್ಮ ನಾಡು

೧೯೪೫ರ ಏಪ್ರಿಲ್ ೨೫ರಂದು ಆ ಗಾನಮಂದಿರದಲ್ಲಿ ಬೇರೊಂದು ಬಗೆಯ ಸಭೆ ಸೇರಿತು. ಅದಕ್ಕೆ ಹದಿಮೂರು ದಿನ ಮುಂಚೆಯಷ್ಟೇ ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡಿದ್ದರು. ಯುರೋಪಿನಲ್ಲಿ ಯುದ್ಧ ಕಡೆಯ ಘಟ್ಟದಲ್ಲಿತ್ತು. ಜಪಾನಿನೊಡನೆ ಇನ್ನೂ ನಡೆದಿತ್ತು. ಇನ್ನು ಮುಂದೆ ಇಂತಹ ಯುದ್ಧ ಸಂಭವಿಸದಂತೆ ಲೋಕಕ್ಕೆ ಒಂದು ಸಂಸ್ಥೆಯನ್ನು ಕಟ್ಟಿಕೊಡಲು ೫೦ ರಾಷ್ಟ್ರಗಳ ಪ್ರತಿನಿಧಿಗಳು ಎರಡು ತಿಂಗಳ ಕಾಲ ಕೂಡಿ ಚರ್ಚಿಸಿದರು. ಮಹಾಸಭೆಗಳು ನಡೆದದ್ದು ಹಾಡು-ನೃತ್ಯಗಳ ಆ ರಂಗದ ಮೇಲೆಯೇ. ಜೂನ್ ೨೫ರಂದು ವಿಶ್ವಸಂಸ್ಥೆಯ ಸನ್ನದು ಅಲ್ಲಿ ಸರ್ವಾನುಮತದಿಂದ ಅಂಗೀಕೃತವಾಯಿತು. ಮರುದಿನ, ಜೂನ್ ೨೬ರಂದು, ಪಕ್ಕದ ಯೋಧರ ಭವನದ ಸಭಾಂಗಣದಲ್ಲಿ ಸಹಿಗಳು ಬಿದ್ದವು. ಆಕ್ರಮಣಕ್ಕೆ ಮೊದಲು ತುತ್ತಾದ ದೇಶವೆಂಬ ಗೌರವದಿಂದ ಚೀನಾಕ್ಕೆ ಪ್ರಥಮ ಸಹಿಯ ಅವಕಾಶ ದೊರೆಯಿತು. ಸಹಿ ಮಾಡಿದವರಲ್ಲಿ ನಾಲ್ವರು ಮಹಿಳೆಯರೂ ಇದ್ದರು. ಆ ಸನ್ನದು ಅಕ್ಟೋಬರ್ ೨೪ರಂದು ಜಾರಿಗೆ ಬಂದಿತು.

ಭಾರತದ ಪರವಾಗಿ ಅಂದು ಸಹಿ ಮಾಡಿದವರು ಸರ್ ಎ. ರಾಮಸ್ವಾಮಿ ಮುದಲಿಯಾರ್ ಮತ್ತು ಸರ್ ವಿ. ಟಿ. ಕೃಷ್ಣಮಾಚಾರಿ. ಮುದಲಿಯಾರರು ನಿಯೋಗದ ನಾಯಕರು. ಆರ್ಥಿಕ ಹಾಗೂ ಸಾಮಾಜಿಕ ಸಹಕಾರದ ವಿಷಯವನ್ನು ಚರ್ಚಿಸಿದ ಸಮಿತಿಗೆ ಅಧ್ಯಕ್ಷರು. ೧೯೪೬ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಪ್ರಥಮ ಅಧ್ಯಕ್ಷರೂ ಅವರೇ ಆದರು. ಅದೇ ವರ್ಷ ಅವರು ಮೈಸೂರು ಸಂಸ್ಥಾನದ ದಿವಾನರಾಗಿ ಬಂದರು. ನಮ್ಮ ಹಿರಿಯ ವಾಚಕರ ಮನೆಗಳಲ್ಲಿ ಆ ಹೆಸರನ್ನು ಬಲ್ಲವರಿರಬಹುದು.

ಇಲ್ಲಿ ಇತಿಹಾಸದ ಒಂದು ವಿಚಿತ್ರ ತಿರುವನ್ನು ಗಮನಿಸಬೇಕು. ೧೯೪೫ರಲ್ಲಿ ಭಾರತವಿನ್ನೂ ಪರಾಧೀನ. ಸ್ಯಾನ್ ಫ್ರಾನ್ಸಿಸ್ಕೊದ ಸಭೆಗೆ ನಿಯೋಗವನ್ನು ಕಳುಹಿಸಿದ್ದು ಬ್ರಿಟಿಷ್ ಸರ್ಕಾರ, ಜನ ಆರಿಸಿದ್ದಲ್ಲ. ಅದೇ ದಿನಗಳಲ್ಲಿ ಶ್ರೀಮತಿ ವಿಜಯಲಕ್ಷ್ಮಿ ಪಂಡಿತರು ಅದೇ ನಗರಕ್ಕೆ ಬಂದು, ಸಭೆಯ ಹೊರಗೆ ನಿಂತು, ಒಳಗಿರುವ ಪ್ರತಿನಿಧಿಗಳು ಭಾರತದ ಜನತೆಯ ಪ್ರತಿನಿಧಿಗಳಲ್ಲವೆಂದು ಸಾರಿದರು. ೧೯೫೩ರಲ್ಲಿ ಅವರೇ ವಿಶ್ವಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರಾಗಿ ಆಯ್ಕೆಯಾದುದು ಕಾಲದ ಮಹಿಮೆ. ಇತ್ತ ಮೈಸೂರಿನಲ್ಲಿ, ಜನಾಂಗಗಳ ಸಮಾನ ಹಕ್ಕು ಮತ್ತು ಸ್ವನಿರ್ಣಯವನ್ನು ತನ್ನ ಉದ್ದೇಶಗಳಲ್ಲಿ ಸೇರಿಸಿಕೊಂಡ ಸನ್ನದಿಗೆ ಸಹಿ ಹಾಕಿ ಬಂದ ದಿವಾನರೇ ೧೯೪೭ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಎದ್ದ 'ಮೈಸೂರು ಚಲೋ' ಚಳವಳಿಯನ್ನು ಎದುರಿಸಬೇಕಾಯಿತು. ಕೊನೆಗೆ ಜನಶಕ್ತಿ ಗೆದ್ದಿತು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿತು. ದೂರದ ಸಭಾಂಗಣದಲ್ಲಿ ಕಾಗದದ ಮೇಲೆ ಒಪ್ಪಿದ ತತ್ತ್ವವನ್ನು ಮನೆಯಂಗಳದಲ್ಲಿ ಜನರೇ ಕೇಳಿ ಪಡೆಯಬೇಕಾಯಿತೆಂಬುದನ್ನು ನಾವು ಮರೆಯಬಾರದು.

ಶಾಂತಿಯ ಒಪ್ಪಂದ

ಅದೇ ಗಾನಮಂದಿರ ೧೯೫೧ರಲ್ಲಿ ಮತ್ತೊಮ್ಮೆ ಲೋಕದ ಕಣ್ಣಿಗೆ ಬಿದ್ದಿತು. ಸೆಪ್ಟೆಂಬರ್ ೪ರಂದು ಜಪಾನಿನೊಡನೆ ಶಾಂತಿ ಒಪ್ಪಂದಕ್ಕಾಗಿ ಸಮ್ಮೇಳನ ಆರಂಭವಾಯಿತು. ಅಂದು ಅಧ್ಯಕ್ಷ ಟ್ರೂಮನ್ ಮಾಡಿದ ಭಾಷಣವು ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ನೇರವಾಗಿ ಬಿತ್ತರಗೊಂಡ ಪ್ರಥಮ ದೂರದರ್ಶನ ಕಾರ್ಯಕ್ರಮವೆಂದು ಪ್ರಸಿದ್ಧವಾಗಿದೆ. ಸೆಪ್ಟೆಂಬರ್ ೮ರಂದು ಜಪಾನ್ ಮತ್ತು ೪೮ ರಾಷ್ಟ್ರಗಳು ಸಹಿ ಹಾಕಿದವು. ಸೋವಿಯತ್ ಒಕ್ಕೂಟ, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಸಭೆಗೆ ಬಂದೂ ಸಹಿ ಹಾಕಲಿಲ್ಲ.

ಭಾರತ ಆ ಸಭೆಗೇ ಹೋಗಲಿಲ್ಲ. ಸೋತ ದೇಶಕ್ಕೂ ಸಮಾನ ಗೌರವ ಸಲ್ಲಬೇಕು, ಪರದೇಶದ ಸೈನ್ಯವು ಅದರ ನೆಲದಲ್ಲಿ ಉಳಿಯುವಂತಹ ಒಪ್ಪಂದ ನಿಜವಾದ ಶಾಂತಿಯಲ್ಲ ಎಂಬುದು ನೆಹರೂ ಸರ್ಕಾರದ ನಿಲುವುಗಳಲ್ಲೊಂದಾಗಿತ್ತು. ೧೯೫೨ರ ಜೂನ್ ೯ರಂದು ಭಾರತವು ಜಪಾನಿನೊಡನೆ ಬೇರೆಯಾಗಿಯೇ ಒಪ್ಪಂದ ಮಾಡಿಕೊಂಡಿತು. ಯುದ್ಧದ ನಷ್ಟಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊದ ಆ ವೇದಿಕೆಯ ಮೇಲೆಯೂ ನಮ್ಮ ಉಪಖಂಡದ ಧ್ವನಿ ಕೇಳಿಸದೆ ಇರಲಿಲ್ಲ. ಸಿಂಹಳದ ಪ್ರತಿನಿಧಿ ಜೆ. ಆರ್. ಜಯವರ್ಧನೆಯವರು ದ್ವೇಷವನ್ನು ಕುರಿತ ಬುದ್ಧನ ಉಪದೇಶವನ್ನು ಸಭೆಗೆ ನೆನಪಿಸಿ, ತಮ್ಮ ದೇಶ ಜಪಾನಿನಿಂದ ಪರಿಹಾರ ಕೇಳುವುದಿಲ್ಲವೆಂದರು. ಯುದ್ಧದಲ್ಲಿ ಮಡಿದವರ ಹೆಸರು ಹೊತ್ತ ಮಂದಿರದಲ್ಲಿ ಆಡಬಹುದಾದ ಮಾತುಗಳಲ್ಲಿ ಇದಕ್ಕಿಂತ ಯೋಗ್ಯವಾದುದು ಯಾವುದಿದ್ದೀತು?

ನೆನಪಿನ ಅಂಗಳ ಬರಿದಾಗಿತ್ತು

ಇಷ್ಟು ಕೇಳಿದ ಮೇಲೆ ಆ ನಗರ ತನ್ನ ಸಂಕಲ್ಪವನ್ನು ಪೂರ್ಣವಾಗಿ ಈಡೇರಿಸಿತೆಂದು ತಮಗೆ ಅನ್ನಿಸಬಹುದು. ಇಲ್ಲ, ಕಥೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು.

ಎರಡು ಕಟ್ಟಡಗಳ ನಡುವಿನ ಪ್ರಾಂಗಣವನ್ನು ಮೇಲೆ ಹೇಳಿದೆನಷ್ಟೆ. ೧೯೩೦ರ ದಶಕದಲ್ಲಿ ಅದನ್ನು ಹಸಿರು ಅಂಗಳವಾಗಿ ರೂಪಿಸಿ, ಅಮೆರಿಕದ ಯೋಧರು ಮಡಿದ ರಣಭೂಮಿಗಳಿಂದ ತಂದ ಮಣ್ಣನ್ನು ಅಲ್ಲಿ ಸೇರಿಸಿದರು. ಆ ಅಂಗಳದಲ್ಲಿ ಮಡಿದವರಿಗಾಗಿಯೇ ಒಂದು ಸ್ಮಾರಕ ನಿಲ್ಲಬೇಕೆಂಬುದು ಮೊದಲಿನಿಂದಲೂ ಇದ್ದ ಉದ್ದೇಶ. ಆದರೆ ಅದು ನಿಲ್ಲಲಿಲ್ಲ. ಗಾನಮಂದಿರ ಜನರಿಂದ ತುಂಬಿತು. ಅಂಗಳ ಬರಿದಾಗಿಯೇ ಉಳಿಯಿತು. ಎರಡನೆಯ ಮಹಾಯುದ್ಧ ಬಂದಿತು, ಕೊರಿಯಾದ ಯುದ್ಧ ಬಂದಿತು, ವಿಯಟ್ನಾಮಿನ ಯುದ್ಧ ಬಂದಿತು. 'ಯುದ್ಧಸ್ಮಾರಕ ಆಪೆರಾ ಹೌಸ್' ಎಂಬ ಪೂರ್ಣ ಹೆಸರಿನಲ್ಲಿ ಮೊದಲೆರಡು ಪದಗಳು ಬಳಕೆಯ ಮಾತಿನಲ್ಲಿ ಸವೆದುಹೋಗಿ 'ಆಪೆರಾ ಹೌಸ್' ಎಂಬುದಷ್ಟೇ ನಿಂತಿತು. ಮಂದಿರ ತೆರೆದು ೮೨ ವರ್ಷಗಳಾದ ಮೇಲೆ, ೨೦೧೪ರ ಅಕ್ಟೋಬರಿನಲ್ಲಿ, ಆ ಅಂಗಳದಲ್ಲಿ ಕಲ್ಲು ಹಾಗೂ ನೀರಿನಿಂದ ರಚಿತವಾದ ಅಷ್ಟಕೋನದ ಸ್ಮಾರಕ ಸಮರ್ಪಿತವಾಯಿತು. ಮೊದಲ ಯುದ್ಧದಿಂದ ಹಿಂದಿರುಗಿ ಇದಕ್ಕಾಗಿ ಹೋರಾಡಿದ ಯೋಧರಲ್ಲಿ ಅದನ್ನು ನೋಡಲು ಒಬ್ಬರೂ ಉಳಿದಿರಲಿಲ್ಲ.

ಕಟ್ಟಡವನ್ನು ಮಾತ್ರ ನಾಗರಿಕರು ಅಕ್ಕರೆಯಿಂದ ಕಾಪಾಡಿದರು. ೧೯೮೯ರ ಅಕ್ಟೋಬರ್ ೧೭ರ ಭೂಕಂಪದಿಂದ ಅದಕ್ಕೆ ಪೆಟ್ಟು ತಗಲಿದಾಗ ಮುಚ್ಚಿ ಬಲಪಡಿಸಿ, ೧೯೯೭ರಲ್ಲಿ ಮತ್ತೆ ತೆರೆದರು. ಯೋಧರ ಭವನವನ್ನೂ ೨೦೧೩ರಿಂದ ೨೦೧೫ರ ಅವಧಿಯಲ್ಲಿ ಭದ್ರಪಡಿಸಿದರು. ಇದಕ್ಕೆ ಕಾರಣ ಸ್ಪಷ್ಟ. ಜನ ಬಳಸುವ ಮನೆಯನ್ನು ಜನ ಬೀಳಗೊಡುವುದಿಲ್ಲ. ಬಳಕೆಯಿಲ್ಲದ ಕಂಬವೊಂದು ವಾಲಿದ್ದರೆ ಇಷ್ಟು ಹಣ, ಇಷ್ಟು ಕಾಳಜಿ ಅದಕ್ಕೆ ದೊರೆಯುತ್ತಿತ್ತೆಂದು ಹೇಳುವುದು ಕಷ್ಟ. ಬಳಕೆ ಕಟ್ಟಡವನ್ನು ಉಳಿಸಿತು. ಆದರೆ ಬಳಕೆಯೊಂದೇ ನೆನಪನ್ನು ಉಳಿಸಲಿಲ್ಲ. ಈ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿಯುವುದೇ ಈ ಚರಿತ್ರೆಯ ಸಾರ.

ಇಂತಹ ಪ್ರಯೋಗ ಒಂದೇ ನಗರಕ್ಕೆ ಸೀಮಿತವಾದುದಲ್ಲ. ನ್ಯೂಜಿಲೆಂಡ್ ದೇಶದಲ್ಲಿ ಮೊದಲ ಮಹಾಯುದ್ಧದ ತರುವಾಯ ಊರೂರಿಗೆ ಕಲ್ಲಿನ ಸ್ಮಾರಕಗಳೇ ಎದ್ದವು. ಎರಡನೆಯ ಯುದ್ಧ ಮುಗಿದ ಬಳಿಕ, ೧೯೪೬ರಲ್ಲಿ, ಅಲ್ಲಿನ ಸರ್ಕಾರ ಬೇರೆ ದಾರಿ ಹಿಡಿಯಿತು. ಸ್ಮಾರಕವಾಗಿ ಸಮುದಾಯ ಭವನ ಕಟ್ಟುವ ಊರಿನವರು ಒಂದು ಪೌಂಡ್ ಕೂಡಿಸಿದರೆ ಸರ್ಕಾರ ಇನ್ನೊಂದು ಪೌಂಡ್ ಕೊಡುವುದೆಂದು ಸಾರಿತು. ಹೀಗೆ ಎದ್ದ ಹಳ್ಳಿಯ ಭವನಗಳಲ್ಲಿ ಮದುವೆ, ಕುಣಿತ, ನಾಟಕ, ಸಭೆ ಎಲ್ಲವೂ ನಡೆದವು. ಗೋಡೆಯ ಮೇಲೆ ಊರಿನಿಂದ ಹೋಗಿ ಮರಳದ ತರುಣರ ಹೆಸರುಗಳು. ಇಂತಹವನ್ನು ಜೀವಂತ ಸ್ಮಾರಕಗಳೆಂದು ಕರೆದರು. ಕೂಲಿಕಾರನ ಮಗಳ ಮದುವೆಯೂ ಆ ಹೆಸರುಗಳ ಎದುರಿನಲ್ಲಿಯೇ ನಡೆಯುವಾಗ ಆ ಹೆಸರುಗಳಿಗೆ ಊರಿನ ಬಾಳಿನಲ್ಲಿ ಒಂದು ಪಾಲು ದೊರೆಯುತ್ತದೆ. ಅದಕ್ಕೆ ಯಾರಾದರೂ ಒಬ್ಬರು ಮಕ್ಕಳಿಗೆ ಆ ಹೆಸರುಗಳನ್ನು ತೋರಿಸಿ ಹೇಳಬೇಕಷ್ಟೆ.

ಸ್ಥಾವರ ಮತ್ತು ಜಂಗಮ

ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಈ ಚರ್ಚೆ ಹೊಸದಲ್ಲ. ಸ್ಥಾವರ ಮತ್ತು ಜಂಗಮಗಳ ವಿವೇಚನೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಾದಿ ಪ್ರಮಥರು ನಮಗೆ ಕಲಿಸಿದ್ದಾರೆ. ನಿಂತುಹೋದುದು ಕಾಲಕ್ಕೆ ಸಿಕ್ಕಿ ಸವೆಯುವುದು. ಚಲಿಸುವುದು, ಒಬ್ಬರಿಂದೊಬ್ಬರಿಗೆ ಹರಿಯುವುದು ಉಳಿಯುವುದು. ಆ ದೃಷ್ಟಿಯಿಂದ ನೋಡಿದರೆ ಮಡಿದವರ ನೆನಪಿನಲ್ಲಿ ಜನ ಕೂಡಿ ಹಾಡುವುದು ಅನುಚಿತವಲ್ಲ. ಕೂಡದೆ ಇರುವುದೇ ಅನುಚಿತ. ನಮ್ಮ ಮಠಗಳ ಜಾತ್ರೆಗಳನ್ನೇ ನೋಡಿರಿ. ಸುತ್ತೂರಿನಲ್ಲಿ ಆದಿ ಜಗದ್ಗುರು ಶಿವರಾತ್ರೀಶ್ವರರ ಸ್ಮರಣೆಯ ಜಾತ್ರೆಯಲ್ಲಿ ರಥೋತ್ಸವದೊಡನೆ ಕುಸ್ತಿ, ನಾಟಕ, ಭಜನೆ, ಸಾಮೂಹಿಕ ವಿವಾಹಗಳೂ ನಡೆಯುತ್ತವೆ. ಸಿದ್ಧಗಂಗೆಯ ಜಾತ್ರೆಯಲ್ಲಿ ಕೃಷಿ ಪ್ರದರ್ಶನವಿರುತ್ತದೆ, ನಾಟಕಗಳಿರುತ್ತವೆ. ಅಲ್ಲಿ ಭಕ್ತಿಗೂ ವಿನೋದಕ್ಕೂ ಜಗಳವಿಲ್ಲ. ಏಕೆಂದರೆ ಯಾರ ನೆನಪಿಗಾಗಿ ಕೂಡಿದ್ದೇವೆಂಬುದನ್ನು ಅಲ್ಲಿ ಯಾರೂ ಮರೆಯುವಂತಿಲ್ಲ. ದಾಸೋಹದ ಪಂಕ್ತಿಯೂ ರಥದ ಮಿಣಿಯೂ ಅದನ್ನೇ ಹೇಳುತ್ತವೆ.

ಹಾಗೆಯೇ ನಮ್ಮ ನಾಡಿನ ಯೋಧರ ಮಾತು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ನಮ್ಮ ಅಶ್ವದಳವು ಪ್ಯಾಲೆಸ್ಟೈನಿನವರೆಗೆ ಹೋಗಿ, ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ದಳಗಳ ಸಂಕೇತ. ೨೦೧೮ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿತು. ಆ ದಾರಿಯಲ್ಲಿ ಹೋಗಿಬಂದ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಆ ಮೂವರಲ್ಲಿ ಒಬ್ಬನು ನಮ್ಮವನೆಂದು ತಿಳಿದಿದೆ? ಕಂಚಿನ ಪ್ರತಿಮೆ ತಾನಾಗಿ ಮಾತನಾಡದು.

ವಾಚಕರೇ, ತಮ್ಮಲ್ಲಿ ಬಹುಮಂದಿ ಮಠದ ವಿದ್ಯಾರ್ಥಿನಿಲಯಗಳಲ್ಲಿ ಪ್ರಸಾದ ಸ್ವೀಕರಿಸಿ ಓದಿ, ಇಂದು ಊರೂರುಗಳಲ್ಲಿ ಸಮಾಜದ ಮುಂದಾಳುಗಳಾಗಿದ್ದೀರಿ. ಹಿರಿಯರ ಹೆಸರಿನಲ್ಲಿ, ಗುರುಗಳ ಹೆಸರಿನಲ್ಲಿ, ಹುತಾತ್ಮ ಯೋಧರ ಹೆಸರಿನಲ್ಲಿ ಸ್ಮಾರಕ ಭವನಗಳನ್ನು, ಕಲ್ಯಾಣ ಮಂಟಪಗಳನ್ನು ಕಟ್ಟಿಸುವ ಸಮಿತಿಗಳಲ್ಲಿ ತಾವೇ ಇರುತ್ತೀರಿ. ಕಟ್ಟಿಸಿರಿ, ಅವು ಜನರಿಂದ ತುಂಬಲಿ. ಮದುವೆಯಾಗಲಿ, ನಾಟಕವಾಗಲಿ, ಸಂಗೀತವಾಗಲಿ ಧಾರಾಳವಾಗಿ ನಡೆಯಲಿ. ಆದರೆ ಸ್ಯಾನ್ ಫ್ರಾನ್ಸಿಸ್ಕೊದ ಅಂಗಳ ಎಂಬತ್ತೆರಡು ವರ್ಷ ಬರಿದಾಗಿದ್ದುದನ್ನು ನೆನಪಿಡಿರಿ. ಬಾಡಿಗೆಯ ದರದ ಫಲಕ ಬಾಗಿಲಲ್ಲಿ ಎದ್ದು ಕಾಣುವಂತೆ ತೂಗುವ ನಾವು, ಯಾರ ಹೆಸರಿನ ಭವನವೋ ಅವರ ಜೀವನವನ್ನು ನಾಲ್ಕು ಸಾಲಿನಲ್ಲಿ ಬರೆದು ತೂಗುವುದನ್ನು ಮರೆಯುತ್ತೇವೆ. ವರ್ಷಕ್ಕೊಂದು ದಿನವಾದರೂ ಆ ಭವನವನ್ನು ಬಾಡಿಗೆಗೆ ಕೊಡದೆ, ಊರ ಶಾಲೆಯ ಮಕ್ಕಳನ್ನು ಕರೆತಂದು, ಆ ಹೆಸರಿನ ಕಥೆಯನ್ನು ಬಲ್ಲ ಹಿರಿಯರಿಂದ ಹೇಳಿಸಿ, ಒಂದು ಹಾಡು ಹಾಡಿಸಿ, ಪ್ರಸಾದ ಬಡಿಸುವ ಪದ್ಧತಿಯನ್ನು ಇಟ್ಟುಕೊಂಡರೆ ಅದಕ್ಕೆ ತಗಲುವ ವೆಚ್ಚ ಅಲ್ಪ. ಅದರಿಂದ ಉಳಿಯುವುದು ಬಹಳ.

ಮಂದಿರ ಕಟ್ಟುವುದು ಒಂದು ಪೀಳಿಗೆಯ ಕಾಯಕ; ನೆನಪನ್ನು ದಾಟಿಸುವುದು ಪ್ರತಿಯೊಂದು ಪೀಳಿಗೆಯ ಕಾಯಕ. ಮೊದಲನೆಯದನ್ನು ಹಣ ಮಾಡಬಲ್ಲುದು. ಎರಡನೆಯದನ್ನು ನಾವೇ ಮಾಡಬೇಕು.